ಸೂಜಿಗೂ ಯಂತ್ರಕ್ಕೂ ನಡುವೆ ರಕ್ತಕ್ಕೆ ಏನಾಗುತ್ತದೆ?

2025ರ ಜೂನ್‌ನಲ್ಲಿ ಅಮೆಜಾನ್ ಸಂಸ್ಥೆ ಬೆಂಗಳೂರು ಸೇರಿದಂತೆ ದೇಶದ ಆರು ನಗರಗಳಲ್ಲಿ ರೋಗಪತ್ತೆ ಪರೀಕ್ಷೆಗಳ ಸೇವೆ ಆರಂಭಿಸಿತು. ಮೊಬೈಲ್‌ನಲ್ಲಿ ಕೋರಿಕೆ ಸಲ್ಲಿಸಿದ ಒಂದು ಗಂಟೆಯೊಳಗೆ ಮನೆಗೆ ಬಂದು ರಕ್ತ ತೆಗೆಯುತ್ತಾರೆ, ಸಾಮಾನ್ಯ ಪರೀಕ್ಷೆಗಳ ವರದಿ ಆರು ಗಂಟೆಯಲ್ಲಿ ಸಿಗುತ್ತದೆ ಎಂಬುದು ಭರವಸೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಇನ್ನೊಂದು ಬೆಳವಣಿಗೆ, ಹೆಚ್ಚು ಸದ್ದಿಲ್ಲದೆ ನಡೆಯಿತು. ವೈದ್ಯಕೀಯ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 15189ರ ಹೊಸ ಆವೃತ್ತಿಗೆ ಬದಲಾಗಲು ಲ್ಯಾಬ್‌ಗಳಿಗೆ ಕೊಟ್ಟಿದ್ದ ಮೂರು ವರ್ಷಗಳ ಗಡುವು ಮುಗಿಯಿತು.

ಒಂದು ಸುದ್ದಿ ವೇಗದ್ದು, ಇನ್ನೊಂದು ಗುಣಮಟ್ಟದ್ದು. ಎರಡನ್ನೂ ಓದಿದವರಿಗೆ ಹಳೆಯ ಗೊಂದಲ ಮಾತ್ರ ಹಾಗೆಯೇ ಉಳಿದಿದೆ: ಯಂತ್ರಗಳು ಇಷ್ಟು ಸುಧಾರಿಸಿ, ಗೋಡೆಯ ಮೇಲೆ ಪ್ರಮಾಣಪತ್ರಗಳೂ ತೂಗುತ್ತಿರುವಾಗ, ಒಬ್ಬರದೇ ರಕ್ತಕ್ಕೆ ಎರಡು ಲ್ಯಾಬ್‌ಗಳು ಎರಡು ಸಂಖ್ಯೆ ಕೊಡುವುದೇಕೆ? ಯಂತ್ರ ಕೆಟ್ಟಿರಬೇಕು, ಇಲ್ಲವೇ ಲ್ಯಾಬ್‌ನವರು ಮೋಸ ಮಾಡಿರಬೇಕು ಎಂದುಕೊಳ್ಳುವುದು ಸಾಮಾನ್ಯ. ಎರಡೂ ನಡೆಯುವುದಿಲ್ಲವೆಂದಲ್ಲ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಯಂತ್ರದ ಕೋಣೆಯ ಹೊರಗಿರುತ್ತದೆ. ಸೂಜಿ ಚುಚ್ಚಿದ ಗಳಿಗೆಯಿಂದ ಟ್ಯೂಬ್ ಯಂತ್ರದೊಳಗೆ ಹೋಗುವ ತನಕ ನಡೆಯುವುದೆಲ್ಲ ಆ ಸಂಖ್ಯೆಯೊಳಗೆ ಸೇರಿಕೊಂಡಿರುತ್ತದೆ, ವರದಿಯಲ್ಲಿ ಮಾತ್ರ ಅದರ ಸುಳಿವು ಇರುವುದಿಲ್ಲ.

ಯಾರ ತೋಳಿನಿಂದಲೂ ಬಾರದ ಮಾದರಿ

ಪರೀಕ್ಷೆಯೊಂದರಲ್ಲಿ ಮೂರು ಘಟ್ಟಗಳಿವೆ. ವೈದ್ಯರು ಚೀಟಿ ಬರೆಯುವುದು, ರೋಗಿ ಉಪವಾಸವಿರುವುದು, ರಕ್ತ ತೆಗೆಯುವುದು, ಸರಿಯಾದ ಟ್ಯೂಬಿಗೆ ತುಂಬುವುದು, ಹೆಸರು ಅಂಟಿಸುವುದು, ಸಾಗಿಸುವುದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ರಕ್ತಕಣಗಳಿಂದ ದ್ರವಭಾಗವನ್ನು ಬೇರ್ಪಡಿಸುವುದು ಇವೆಲ್ಲ ಮೊದಲನೆಯ ಘಟ್ಟ. ಯಂತ್ರ ಅಳೆಯುವುದು ಎರಡನೆಯದು. ವರದಿ ಬರೆದು, ವೈದ್ಯರಿಗೆ ತಲುಪಿಸಿ, ಅವರು ಅದನ್ನು ಅರ್ಥೈಸುವುದು ಮೂರನೆಯದು.

ಇಟಲಿಯ ಪಾದುವಾದ ಆಸ್ಪತ್ರೆಯ ತುರ್ತು ಪ್ರಯೋಗಾಲಯದ ತಪ್ಪುಗಳನ್ನು ಮಾರಿಯೊ ಪ್ಲೆಬಾನಿ ಮತ್ತು ಪಾವ್ಲೊ ಕರಾರೊ ಎಣಿಸಿ 1997ರಲ್ಲಿ ಪ್ರಕಟಿಸಿದರು. ಒಟ್ಟು ತಪ್ಪುಗಳಲ್ಲಿ ಶೇ 68.2ರಷ್ಟು ಮೊದಲ ಘಟ್ಟದಲ್ಲಿ ಆಗಿದ್ದವು. ಹತ್ತು ವರ್ಷಗಳ ಬಳಿಕ ಅದೇ ಲ್ಯಾಬ್‌ನಲ್ಲಿ ಅವರೇ ಮತ್ತೆ ಎಣಿಸಿದಾಗ ಪ್ರಮಾಣ ಶೇ 61.9ಕ್ಕೆ ಇಳಿದಿತ್ತು. ಯಂತ್ರದ ಹಂತದ ತಪ್ಪುಗಳು ಎರಡೂ ಸಲ ಶೇ 15ರ ಆಸುಪಾಸಿನಲ್ಲಿದ್ದವು. ಬೇರೆ ದೇಶಗಳಲ್ಲಿ ನಡೆದ ಎಣಿಕೆಗಳೂ ಹೆಚ್ಚುಕಡಿಮೆ ಇದೇ ಚಿತ್ರವನ್ನು ಕೊಟ್ಟಿವೆ.

ಯಂತ್ರದ ಹಂತ ಸುಧಾರಿಸಿದ್ದಕ್ಕೆ ಕಾರಣ ಸ್ಪಷ್ಟ: ಅಲ್ಲಿ ತಪಾಸಣೆಯಿದೆ. ಲ್ಯಾಬ್‌ಗಳು ದಿನವೂ ಗೊತ್ತಿರುವ ಪ್ರಮಾಣದ ದ್ರವವನ್ನು ಯಂತ್ರಕ್ಕೆ ಕೊಟ್ಟು ಉತ್ತರ ಸರಿಯೇ ಎಂದು ನೋಡುತ್ತವೆ. ಹೊರಗಿನಿಂದಲೂ ಪರೀಕ್ಷೆಯಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ನಡೆಸುವಂಥ ಗುಣಮಟ್ಟ ಖಾತರಿ ಯೋಜನೆಗಳು ಒಂದೇ ಮಾದರಿಯನ್ನು ನೂರಾರು ಲ್ಯಾಬ್‌ಗಳಿಗೆ ಕಳುಹಿಸಿ ಯಾರ ಉತ್ತರ ಎಷ್ಟು ದೂರ ಎಂದು ಹೋಲಿಸುತ್ತವೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಪುಟ್ಟ ಶೀಶೆಯಲ್ಲಿ ಬರುವ ಆ ಮಾದರಿ ಆ ಲ್ಯಾಬ್‌ನ ಸಿಬ್ಬಂದಿ ಯಾರ ತೋಳಿನಿಂದಲೂ ತೆಗೆದದ್ದಲ್ಲ. ಅದಕ್ಕಾಗಿ ಯಾರ ತೋಳಿಗೂ ಟೂರ್ನಿಕೆಟ್ ಎಂಬ ಬಿಗಿಪಟ್ಟಿ ಕಟ್ಟಿಲ್ಲ, ಬೈಕಿನ ಚೀಲದಲ್ಲಿ ಅದು ಅಲುಗಾಡಿಲ್ಲ, ಯಾವ ಕಲೆಕ್ಷನ್ ಸೆಂಟರ್‌ನ ಮೇಜಿನ ಮೇಲೂ ಮಧ್ಯಾಹ್ನದ ತನಕ ಕಾದಿಲ್ಲ. ಅಂದರೆ ಅತಿ ಹೆಚ್ಚು ತಪ್ಪುಗಳಾಗುವ ಘಟ್ಟವನ್ನು ನಮ್ಮ ಅತಿ ಗಟ್ಟಿ ಪರೀಕ್ಷೆ ಮುಟ್ಟುವುದೇ ಇಲ್ಲ.

ಟ್ಯೂಬಿನೊಳಗೆ ಕರಗುವ ಸಕ್ಕರೆ

ಇದು ಹೇಗೆ ನಡೆಯುತ್ತದೆ ಎಂಬುದನ್ನು ನೋಡಲು ಅತ್ಯಂತ ಸಾಮಾನ್ಯವಾದ ಪರೀಕ್ಷೆಯನ್ನೇ, ಬರಿಹೊಟ್ಟೆಯ ಸಕ್ಕರೆಯನ್ನೇ, ತೆಗೆದುಕೊಳ್ಳೋಣ. ದೇಹದಿಂದ ಹೊರಬಂದ ಮಾತ್ರಕ್ಕೆ ರಕ್ತಕಣಗಳು ಸಾಯುವುದಿಲ್ಲ. ಟ್ಯೂಬಿನಲ್ಲೂ ಅವು ಗ್ಲುಕೋಸ್ ಬಳಸುತ್ತಲೇ ಇರುತ್ತವೆ. ಸಾಮಾನ್ಯ ಕೋಣೆಯ ಉಷ್ಣಾಂಶದಲ್ಲಿ, ಬೇರ್ಪಡಿಸದೆ ಇಟ್ಟ ರಕ್ತದಲ್ಲಿ ಗಂಟೆಗೆ ಶೇ 5ರಿಂದ 7ರಷ್ಟು ಗ್ಲುಕೋಸ್ ಇಳಿಯುತ್ತದೆ. ಬಿಳಿ ರಕ್ತಕಣಗಳು ಹೆಚ್ಚಿದ್ದರೆ ಅಥವಾ ಬಿಸಿಲು ಜೋರಿದ್ದರೆ ಇನ್ನೂ ಬೇಗ.

ಲೆಕ್ಕ ಹಾಕಿ ನೋಡಿ. ಒಬ್ಬರ ನಿಜವಾದ ಬರಿಹೊಟ್ಟೆ ಸಕ್ಕರೆ ಡೆಸಿಲೀಟರ್‌ಗೆ 130 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. 126 ಮುಟ್ಟಿದರೆ ಮಧುಮೇಹದ ವ್ಯಾಪ್ತಿ. ಬೆಳಿಗ್ಗೆ ಏಳಕ್ಕೆ ತೆಗೆದ ರಕ್ತ ಹತ್ತಕ್ಕೆ ಬೇರ್ಪಟ್ಟರೆ, ಗಂಟೆಗೆ ಶೇ 6ರಂತೆ ಇಳಿದು ಯಂತ್ರಕ್ಕೆ ಸಿಗುವುದು ಸುಮಾರು 108. ಯಂತ್ರ ತಪ್ಪು ಮಾಡಿಲ್ಲ. ತನ್ನ ಮುಂದೆ ಬಂದ ದ್ರವದಲ್ಲಿ ಇದ್ದದ್ದನ್ನೇ ಅದು ಕರಾರುವಾಕ್ಕಾಗಿ ಅಳೆದಿದೆ. ರೋಗಿಗೆ ಮಾತ್ರ ‘ಗಡಿಯಲ್ಲಿದ್ದೀರಿ, ಊಟ ನೋಡಿಕೊಳ್ಳಿ’ ಎಂಬ ಮಾತು ಸಿಗುತ್ತದೆ. ಅದೇ ವಾರ ಆಸ್ಪತ್ರೆಯೊಳಗಿನ ಲ್ಯಾಬ್‌ನಲ್ಲಿ, ತೆಗೆದ ಕೂಡಲೇ ಬೇರ್ಪಡಿಸಿದ ರಕ್ತ 129 ತೋರಿಸಿದರೆ ಮನೆಯವರು ಯಾವ ಲ್ಯಾಬ್ ಕಳ್ಳ ಎಂದು ಚರ್ಚೆಗೆ ಕೂರುತ್ತಾರೆ.

ಇದಕ್ಕೆಂದೇ ಬೂದು ಮುಚ್ಚಳದ ಟ್ಯೂಬ್ ಇದೆಯಲ್ಲ ಎಂದು ಲ್ಯಾಬ್‌ನವರು ಹೇಳುತ್ತಾರೆ. ಅದರಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ಗ್ಲುಕೋಸ್ ಒಡೆಯುವ ಕ್ರಿಯೆಯನ್ನು ಅದು ತಡೆಯುತ್ತದೆ ಎಂಬುದು ನಿಜ, ಆದರೆ ತಡೆಯುವುದು ತುಂಬ ಕೆಳಗಿನ ಹಂತದಲ್ಲಿ. ಗ್ಲುಕೋಸ್ ಒಡೆಯಲು ರಕ್ತಕಣದೊಳಗೆ ಹತ್ತು ಹಂತಗಳಿವೆ. ಫ್ಲೋರೈಡ್ ಕಟ್ಟಿಹಾಕುವ ಎನೊಲೇಸ್ ಎಂಬ ಕಿಣ್ವ ಇರುವುದು ಒಂಬತ್ತನೆಯದರಲ್ಲಿ. ಮೇಲಿನ ಹಂತಗಳು ನಿಲ್ಲುವವರೆಗೆ ಗ್ಲುಕೋಸ್ ಖರ್ಚಾಗುತ್ತಲೇ ಇರುತ್ತದೆ. ಹಾಗಾಗಿ ಮೊದಲ ಒಂದೆರಡು ಗಂಟೆ ಬೂದು ಟ್ಯೂಬಿನಲ್ಲೂ ಸಕ್ಕರೆ ಇಳಿಯುತ್ತದೆ, ಆಮೇಲೆ ಸ್ಥಿರವಾಗುತ್ತದೆ. ಮನೆಯಿಂದ ಲ್ಯಾಬ್‌ಗೆ ಹೋಗುವ ಹೊತ್ತು ಸರಿಯಾಗಿ ಆ ಮೊದಲ ಒಂದೆರಡು ಗಂಟೆಯೇ. ಆದ್ದರಿಂದ ಅಮೆರಿಕದ ಮಧುಮೇಹ ಮತ್ತು ಪ್ರಯೋಗಾಲಯ ತಜ್ಞರ ಮಾರ್ಗಸೂಚಿ ಬೇರೆ ಎರಡು ದಾರಿ ಹೇಳುತ್ತದೆ: ಟ್ಯೂಬನ್ನು ತಕ್ಷಣ ಮಂಜುನೀರಿನಲ್ಲಿಟ್ಟು ಅರ್ಧ ಗಂಟೆಯೊಳಗೆ ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಬೇರ್ಪಡಿಸುವುದು, ಇಲ್ಲವೇ ಮೊದಲ ಹಂತದಲ್ಲೇ ಕ್ರಿಯೆಯನ್ನು ನಿಲ್ಲಿಸುವ ಸಿಟ್ರೇಟ್ ಆಮ್ಲವಿರುವ ಟ್ಯೂಬ್ ಬಳಸುವುದು. ಎರಡನೆಯದು ಸರಳ, ಆದರೆ ದುಬಾರಿ.

ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಈ ಕಷ್ಟ ಇಲ್ಲ, ಟ್ಯೂಬಿನಲ್ಲಿ ಕೆಲವು ಗಂಟೆ ಕಾದರೆ ಅದು ಕೆಡುವುದಿಲ್ಲ. ಎಲ್ಲ ಪರೀಕ್ಷೆಗೂ ಒಂದೇ ಕಟ್ಟುಪಾಡು ಬೇಕಿಲ್ಲ ಎಂಬ ವಾದಕ್ಕೆ ಇದು ಒಳ್ಳೆಯ ಸಾಕ್ಷಿ.

ಐಸ್ ಪೆಟ್ಟಿಗೆಯ ಇಬ್ಬಂದಿ

ಹಾಗಾದರೆ ಎಲ್ಲ ಟ್ಯೂಬುಗಳನ್ನೂ ಐಸ್ ಪೆಟ್ಟಿಗೆಯಲ್ಲಿಟ್ಟು ಒಯ್ದರೆ ಮುಗಿಯಿತಲ್ಲವೇ? ಮುಗಿಯುವುದಿಲ್ಲ. ಅದೇ ರೋಗಿಗೆ ಪೊಟ್ಯಾಸಿಯಂ ಪರೀಕ್ಷೆಯನ್ನೂ ಬರೆದಿದ್ದರೆ ಐಸ್ ಹೊಸ ತಪ್ಪನ್ನು ಹುಟ್ಟಿಸುತ್ತದೆ.

ರಕ್ತದ ದ್ರವಭಾಗದಲ್ಲಿ ಲೀಟರ್‌ಗೆ 3.5ರಿಂದ 5 ಮಿಲಿಮೋಲ್ ಪೊಟ್ಯಾಸಿಯಂ ಇರುವುದು ಸಹಜ. ಕೆಂಪು ರಕ್ತಕಣಗಳ ಒಳಗೆ ಅದು ಇಪ್ಪತ್ತು ಪಟ್ಟಿಗೂ ಹೆಚ್ಚು. ಈ ಅಂತರವನ್ನು ಕಾಪಾಡುವುದು ಕಣದ ಪೊರೆಯಲ್ಲಿರುವ ಪಂಪ್. ಚಳಿಗೆ ಆ ಪಂಪ್ ಮಂದವಾಗುತ್ತದೆ, ಒಳಗಿನ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ. ಬೇರ್ಪಡಿಸದ ರಕ್ತವನ್ನು ಫ್ರಿಜ್‌ನಲ್ಲಿಟ್ಟರೆ ಪೊಟ್ಯಾಸಿಯಂ ಏರುವುದು ಈ ಕಾರಣಕ್ಕೆ. ಬ್ರಿಟನ್ನಿನಲ್ಲಿ ಊರ ವೈದ್ಯರಿಂದ ಆಸ್ಪತ್ರೆಯ ಲ್ಯಾಬ್‌ಗೆ ಹೋಗುವ ಮಾದರಿಗಳಲ್ಲಿ ಚಳಿಗಾಲ ಬಂದಾಗ ಪೊಟ್ಯಾಸಿಯಂ ಹೆಚ್ಚಾಗುವುದನ್ನು ಗಮನಿಸಿ ಅದನ್ನು ಋತುಮಾನದ ಹುಸಿ ಏರಿಕೆ ಎಂದೇ ಕರೆದಿದ್ದಾರೆ. ಮೇ ತಿಂಗಳ ಕಲಬುರಗಿಯಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ: ಬಿಸಿಗೆ ಪಂಪ್ ಚುರುಕಾಗಿ ಮೊದಲ ಕೆಲವು ಗಂಟೆ ಪೊಟ್ಯಾಸಿಯಂ ಒಳಗೆ ಸೇರಿ, ನಿಜವಾಗಿ ಏರಿದ್ದ ಪೊಟ್ಯಾಸಿಯಂ ಸಹಜವೆಂಬಂತೆ ಕಾಣಬಹುದು.

ಇನ್ನು ರಕ್ತ ತೆಗೆಯುವ ರೀತಿ. ತೆಳು ಸೂಜಿ ಹಾಕಿ ಸಿರಿಂಜ್‌ನ ದಂಡವನ್ನು ಜೋರಾಗಿ ಎಳೆಯುವುದು, ಆಮೇಲೆ ಅದೇ ಸೂಜಿಯಿಂದ ಟ್ಯೂಬಿನೊಳಗೆ ಚಿಮ್ಮಿಸುವುದು, ಚರ್ಮದ ಮೇಲಿನ ಸ್ಪಿರಿಟ್ ಆರುವ ಮೊದಲೇ ಚುಚ್ಚುವುದು, ಟ್ಯೂಬನ್ನು ಅಲುಗಾಡಿಸಿ ಕುಲುಕುವುದು ಇವುಗಳಲ್ಲಿ ಯಾವುದಾದರೂ ಸಾಕು, ಕೆಂಪು ಕಣಗಳು ಒಡೆದು ಪೊಟ್ಯಾಸಿಯಂ ಏರಲು. ‘ಮುಷ್ಟಿ ಬಿಗಿಹಿಡಿದು ಬಿಡಿ, ಹಿಡಿದು ಬಿಡಿ’ ಎಂದು ಹೇಳಿಸಿಕೊಳ್ಳದವರು ಕಡಿಮೆ. ಆ ಮುಷ್ಟಿಯ ಕೆಲಸಕ್ಕೂ ತೋಳಿನ ಸ್ನಾಯುಗಳಿಂದ ಪೊಟ್ಯಾಸಿಯಂ ಹೊರಬರುತ್ತದೆ. ಟೂರ್ನಿಕೆಟ್ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಗಿದಿದ್ದರೆ ಪ್ರೋಟೀನ್, ಕ್ಯಾಲ್ಸಿಯಂ ಏರಿಕೆ ಕಾಣುತ್ತದೆ.

ಟ್ಯೂಬುಗಳನ್ನು ತುಂಬುವ ಕ್ರಮಕ್ಕೂ ಅರ್ಥವಿದೆ. ಮೊದಲು ಬ್ಲಡ್ ಕಲ್ಚರ್ ಶೀಶೆ, ಆಮೇಲೆ ನೀಲಿ ಮುಚ್ಚಳ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ನೇರಳೆ ಟ್ಯೂಬಿನಲ್ಲಿರುವುದು ಪೊಟ್ಯಾಸಿಯಂ ಸೇರಿದ ಇಡಿಟಿಎ, ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ. ರಕ್ತ ಕಡಿಮೆಯಾಯಿತೆಂದು ನೇರಳೆಯಿಂದ ಕೊಂಚ ಹಳದಿಗೆ ಸುರಿದರೆ ಪೊಟ್ಯಾಸಿಯಂ ಗಾಬರಿ ಹುಟ್ಟಿಸುವಷ್ಟು ಏರುತ್ತದೆ, ಕ್ಯಾಲ್ಸಿಯಂ ನಂಬಲಾಗದಷ್ಟು ಇಳಿಯುತ್ತದೆ. ಅನುಭವಿ ಜೀವರಸಾಯನ ತಜ್ಞರು ಈ ಜೋಡಿಯನ್ನು ಕಂಡ ಕೂಡಲೇ ಹೊಸ ಮಾದರಿ ಕೇಳುತ್ತಾರೆ. ಅವರಿಲ್ಲದ ಲ್ಯಾಬ್‌ನಲ್ಲಿ ವರದಿ ಹೊರಟೇ ಹೋಗುತ್ತದೆ, ರೋಗಿ ತುರ್ತು ಚಿಕಿತ್ಸಾ ಘಟಕ ಸೇರುತ್ತಾರೆ.

ಡೆಂಗಿ ಕಾಲದ ಎಣಿಕೆ

ಕರ್ನಾಟಕ ಸರ್ಕಾರ 2024ರ ಜುಲೈನಲ್ಲಿ ಖಾಸಗಿ ಲ್ಯಾಬ್‌ಗಳ ಡೆಂಗಿ ಪರೀಕ್ಷೆಗೆ 600 ರೂಪಾಯಿಯ ಮಿತಿ ಹಾಕಿತು, ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ದರದ ಬಗ್ಗೆ ಸಾಕಷ್ಟು ಚರ್ಚೆ ನಡೆಯಿತು. ದಿನಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ ನಡೆಯುವ ಪ್ಲೇಟ್‌ಲೆಟ್ ಎಣಿಕೆಯ ಗುಣಮಟ್ಟದ ಬಗ್ಗೆ ಅಷ್ಟು ಮಾತು ಕೇಳಲಿಲ್ಲ.

ನೇರಳೆ ಟ್ಯೂಬಿಗೆ ರಕ್ತ ಬಿದ್ದ ಕೂಡಲೇ ಅದನ್ನು ಎಂಟು-ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಬೇಕು. ಆಗ ಇಡಿಟಿಎ ರಕ್ತದಲ್ಲಿ ಬೆರೆತು ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಅವಸರದಲ್ಲಿ ಹಾಗೆಯೇ ಸ್ಟ್ಯಾಂಡಿಗೆ ಸಿಕ್ಕಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹೆಪ್ಪುಗಳು ಮೂಡುತ್ತವೆ. ಪ್ಲೇಟ್‌ಲೆಟ್‌ಗಳು ಅದರೊಳಗೆ ಸಿಕ್ಕಿಬೀಳುತ್ತವೆ. ಯಂತ್ರ ಬಿಡಿಬಿಡಿಯಾಗಿ ತೇಲುವುದನ್ನು ಮಾತ್ರ ಎಣಿಸುತ್ತದೆ. ಒಂದು ಲಕ್ಷ ಇದ್ದದ್ದು ವರದಿಯಲ್ಲಿ 40,000 ಆಗಬಹುದು. ಕೆಲವೇ ಕೆಲವರ ರಕ್ತದಲ್ಲಿ ಇಡಿಟಿಎ ತಾನೇ ಪ್ಲೇಟ್‌ಲೆಟ್‌ಗಳನ್ನು ಗುಂಪುಗೂಡಿಸುವುದೂ ಉಂಟು. ಅಂಥವರಿಗೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು ನೋಡಬೇಕು. ಎರಡೂ ಸಂದರ್ಭಗಳಲ್ಲಿ ಸತ್ಯ ಹೊರಬೀಳಲು ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದೊಂದೇ ಸಾಕು. ಡೆಂಗಿ ಉಲ್ಬಣಗೊಂಡಿರುವಾಗ ಆ ಐದು ನಿಮಿಷಕ್ಕೆ ಬಿಡುವಿರುವುದಿಲ್ಲ, ಹೊರಗೆ ಮನೆಯವರು ಪ್ಲೇಟ್‌ಲೆಟ್ ಚೀಲಕ್ಕಾಗಿ ರಕ್ತನಿಧಿಗಳಿಗೆ ಫೋನ್ ಮಾಡುತ್ತಿರುತ್ತಾರೆ.

ಮನೆಯವರ ಕೈಗೆ ಕೊಟ್ಟ ಡಬ್ಬಿ

ರಕ್ತ ತಪ್ಪಿದರೆ ಮತ್ತೆ ತೆಗೆಯಬಹುದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗೆ ಆ ಸೌಲಭ್ಯವಿಲ್ಲ. ಸಣ್ಣ ಊರುಗಳ ನರ್ಸಿಂಗ್ ಹೋಮ್‌ಗಳಲ್ಲಿ ಗಡ್ಡೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ‘ಬಯಾಪ್ಸಿಗೆ ಕೊಟ್ಟು ಬನ್ನಿ’ ಎಂದು ಮನೆಯವರ ಕೈಗೇ ಕೊಡುವುದು ರೂಢಿ. ಡಬ್ಬಿಯಲ್ಲಿ ಇರುವುದು ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ನೋ ಬರೀ ಉಪ್ಪುನೀರಿನ ಸಲೈನೋ, ಎಷ್ಟು ಇದೆ, ಎಷ್ಟು ಹೊತ್ತಿಗೆ ಹಾಕಿದರು ಎಂಬುದು ಒಯ್ಯುವವರಿಗೆ ಗೊತ್ತಿರುವುದಿಲ್ಲ.

ಸ್ತನ ಕ್ಯಾನ್ಸರ್‌ನಲ್ಲಿ ಇದರ ಬೆಲೆ ನೇರವಾಗಿ ಕಾಣುತ್ತದೆ. ಹಾರ್ಮೋನ್ ಮಾತ್ರೆ ಕೊಡಬೇಕೇ, ಟ್ರಾಸ್ಟುಜುಮಾಬ್ ಎಂಬ ದುಬಾರಿ ಔಷಧ ಕೊಡಬೇಕೇ ಎಂಬುದನ್ನು ನಿರ್ಧರಿಸುವುದು ಗಡ್ಡೆಯ ಜೀವಕೋಶಗಳಲ್ಲಿರುವ ಕೆಲವು ಪ್ರೋಟೀನ್‌ಗಳು. ಅಮೆರಿಕದ ಕ್ಯಾನ್ಸರ್ ತಜ್ಞರ ಮತ್ತು ರೋಗಶಾಸ್ತ್ರಜ್ಞರ ಸಂಘಟನೆಗಳ ಮಾರ್ಗಸೂಚಿಯ ಪ್ರಕಾರ ಗಡ್ಡೆ ದೇಹದಿಂದ ಹೊರಬಂದ ಒಂದು ಗಂಟೆಯೊಳಗೆ ಶೇ 10ರ ತಟಸ್ಥ ಫಾರ್ಮಲಿನ್ ಸೇರಬೇಕು, ಅದರಲ್ಲಿ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ಇರಬೇಕು. ಫಾರ್ಮಲಿನ್ ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್. ದೊಡ್ಡ ಗಡ್ಡೆಯನ್ನು ಹೋಳು ಮಾಡದೆ ಇಡಿಯಾಗಿ ಮುಳುಗಿಸಿದರೆ ಹೊರಭಾಗ ಉಳಿಯುತ್ತದೆ, ನಡುಭಾಗ ಕೊಳೆಯುತ್ತದೆ. ಕೆಟ್ಟ ಅಂಗಾಂಶದಲ್ಲಿ ಪ್ರೋಟೀನ್‌ನ ಸುಳಿವು ಸಿಗದೆ ವರದಿ ‘ನೆಗೆಟಿವ್’ ಎನ್ನಬಹುದು. ಆಗ ಔಷಧದಿಂದ ಪ್ರಯೋಜನ ಪಡೆಯಬೇಕಾದವರಿಗೇ ಅದು ತಪ್ಪಿಹೋಗುತ್ತದೆ. ಭಾನುವಾರ ಅಥವಾ ಹಬ್ಬದ ರಜೆಯ ಹಿಂದಿನ ದಿನ ಶಸ್ತ್ರಚಿಕಿತ್ಸೆಯಾದರೆ 72 ಗಂಟೆಯ ಮೇಲ್ಮಿತಿ ದಾಟುವುದು ಎಷ್ಟು ಸುಲಭ ಎಂದು ಯಾರಾದರೂ ಊಹಿಸಬಹುದು.

ನಿಯಮ ಇಲ್ಲವೆಂದಲ್ಲ

ಈ ವಿಷಯದಲ್ಲಿ ಹೆಚ್ಚು ವ್ಯವಸ್ಥಿತವಾಗಿ ಕೆಲಸ ಮಾಡಿದ್ದು ಯುರೋಪ್. 2008ರಲ್ಲಿ ಯುರೋಪ್ ಒಕ್ಕೂಟದ ಹಣದಿಂದ ಸ್ಪಿಡಿಯಾ ಎಂಬ ಯೋಜನೆ ಶುರುವಾಯಿತು. ಡಿಎನ್‌ಎ, ಆರ್‌ಎನ್‌ಎ ಆಧರಿಸಿದ ಪರೀಕ್ಷೆಗಳು ಹೆಚ್ಚುತ್ತಿದ್ದ ಕಾಲ ಅದು. ಆರ್‌ಎನ್‌ಎ ರಕ್ತ ಹೊರಬಂದ ನಿಮಿಷಗಳಲ್ಲೇ ಬದಲಾಗತೊಡಗುತ್ತದೆ. ಕ್ಯಾನ್ಸರ್ ಗಡ್ಡೆಯಿಂದ ರಕ್ತಕ್ಕೆ ಸೇರಿದ ಡಿಎನ್‌ಎ ತುಣುಕುಗಳನ್ನು ಹುಡುಕುವ ಪರೀಕ್ಷೆಯಲ್ಲಿ, ಟ್ಯೂಬ್ ಕಾಯುತ್ತಾ ಕೂತರೆ ಬಿಳಿ ಕಣಗಳು ಒಡೆದು ತಮ್ಮ ಡಿಎನ್‌ಎಯನ್ನು ಸುರಿಯುತ್ತವೆ, ಹುಡುಕುತ್ತಿದ್ದದ್ದು ಅದರಲ್ಲಿ ಮುಳುಗಿಹೋಗುತ್ತದೆ. ಸ್ಪಿಡಿಯಾ ಮತ್ತು 2017ರಿಂದ 2021ರವರೆಗೆ ನಡೆದ ಅದರ ಮುಂದುವರಿಕೆಯಿಂದ ಬಂದ ದಾಖಲೆಗಳು ಯುರೋಪಿನ ತಾಂತ್ರಿಕ ನಿರ್ದಿಷ್ಟತೆಗಳಾಗಿ, ಆಮೇಲೆ ಐಎಸ್‌ಒ 20166, 20184, 20186 ಸರಣಿಯ ಮಾನದಂಡಗಳಾಗಿ ಬೆಳೆದವು. 2022ರ ಮೇ 26ರಿಂದ ಅನ್ವಯವಾದ ಯುರೋಪಿನ ರೋಗಪತ್ತೆ ಸಾಧನಗಳ ಕಾನೂನು ಈ ಬಗೆಯ ಮಾಹಿತಿಗೆ ಒತ್ತು ಕೊಟ್ಟಿದ್ದರಿಂದ ಕಿಟ್ ತಯಾರಕರೂ ಮಾದರಿಯ ನಿರ್ವಹಣೆಯ ಬಗ್ಗೆ ಉತ್ತರ ಕೊಡಬೇಕಾಯಿತು.

ಸಾಮಾನ್ಯ ಲ್ಯಾಬ್‌ಗಳಿಗೆ ಮುಖ್ಯವಾದವು ಎರಡು: 2022ರ ಐಎಸ್‌ಒ 15189, ಮತ್ತು ಮಾದರಿಗಳ ಸಂಗ್ರಹ, ಸಾಗಣೆಗೇ ಮೀಸಲಾದ 2023ರ ಐಎಸ್‌ಒ 20658. ನಮ್ಮಲ್ಲಿ ಮೊದಲನೆಯದರ ಪ್ರಕಾರ ಮಾನ್ಯತೆ ಕೊಡುವುದು ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿಯಾದ ಎನ್‌ಎಬಿಎಲ್. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಎನ್‌ಎಬಿಎಲ್ ಮಾನ್ಯತೆ ಐಚ್ಛಿಕ. ಕರ್ನಾಟಕದ ಖಾಸಗಿ ಲ್ಯಾಬ್‌ಗೆ ಕಡ್ಡಾಯವಾಗಿರುವುದು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಅಡಿಯ ನೋಂದಣಿ. ಅದು ಕಟ್ಟಡ, ಸಿಬ್ಬಂದಿ, ಸೌಲಭ್ಯಗಳಂಥ ಕನಿಷ್ಠ ಅಗತ್ಯಗಳನ್ನು ನೋಡುತ್ತದೆ. ಬೆಳಿಗ್ಗೆ ಏಳಕ್ಕೆ ತೆಗೆದ ಟ್ಯೂಬ್ ಎಷ್ಟು ಹೊತ್ತಿಗೆ ಸೆಂಟ್ರಿಫ್ಯೂಜ್ ಸೇರಿತು ಎಂಬುದು ನೋಂದಣಿಯ ಕಣ್ಣಿಗೆ ಬೀಳುವ ಸಂಗತಿಯಲ್ಲ. ಮಾನ್ಯತೆಯ ವ್ಯವಸ್ಥೆ ಅದನ್ನು ಕೇಳುತ್ತದೆ, ಆದರೆ ನೂರಾರು ಕಲೆಕ್ಷನ್ ಸೆಂಟರ್‌ಗಳಿರುವ ಲ್ಯಾಬ್‌ನ ಪ್ರತಿಯೊಂದು ಕೇಂದ್ರಕ್ಕೂ ಪ್ರತಿ ಸಲ ಹೋಗಿ ನೋಡುವುದು ಯಾವ ಮೌಲ್ಯಮಾಪಕರಿಗೂ ಆಗದ ಮಾತು. ಬೀದಿಯ ಫಲಕದ ಮೇಲಿನ ಚಿಹ್ನೆ ಮುಖ್ಯ ಲ್ಯಾಬ್‌ನದು. ಸೂಜಿ ಚುಚ್ಚಿದವರದ್ದಲ್ಲ.

ಯಾರ ವಾದ ಏನು

ಮಾದರಿ ನಿರ್ವಹಣೆಯ ಈ ನಿಯಮಗಳನ್ನು ಕಡ್ಡಾಯ ಮಾಡಿ ಎನ್ನುವವರಲ್ಲಿ ಎರಡು ಗುಂಪು. ಆಣ್ವಿಕ ಪರೀಕ್ಷೆ, ಸಂಶೋಧನೆ ಮಾಡುವವರಿಗೆ ಮಾದರಿಯ ನಿರ್ವಹಣೆ ಜೀವನ್ಮರಣದ ಪ್ರಶ್ನೆ: ಬೇರೆಬೇರೆ ಆಸ್ಪತ್ರೆಗಳ ಮಾದರಿಗಳು ಹೊಂದದಿದ್ದರೆ ಕಂಡುಹಿಡಿದ ರೋಗಸೂಚಕ ಇನ್ನೊಂದು ಊರಿನಲ್ಲಿ ಕೆಲಸ ಮಾಡುವುದಿಲ್ಲ. ದೊಡ್ಡ ಲ್ಯಾಬ್ ಜಾಲಗಳೂ ಏಕರೂಪತೆಯ ಪರ, ಬಾರ್‌ಕೋಡ್, ಉಷ್ಣಾಂಶ ದಾಖಲಿಸುವ ಪೆಟ್ಟಿಗೆ, ತರಬೇತಿ ಕೇಂದ್ರ ಅವರಲ್ಲಿ ಆಗಲೇ ಇವೆ. ನಿಯಮ ಬಿಗಿಯಾದಷ್ಟೂ ಅವರ ಪ್ರತಿಸ್ಪರ್ಧಿಗಳಿಗೆ ಕಷ್ಟ ಎಂಬುದನ್ನೂ ಮರೆಯಬಾರದು.

ತಾಲ್ಲೂಕು ಮಟ್ಟದ ಸಣ್ಣ ಲ್ಯಾಬ್‌ನವರ ಮಾತು ಬೇರೆ. ಒಬ್ಬ ತಂತ್ರಜ್ಞ, ಒಬ್ಬ ಸಹಾಯಕ ಇರುವಲ್ಲಿ ಹಾಳೆಗಟ್ಟಲೆ ದಾಖಲೆ ಬರೆಯುವವರು ಯಾರು, ಪರೀಕ್ಷೆಯ ದರಕ್ಕೆ ಮಿತಿ ಹಾಕಿ ಖರ್ಚಿಗೆ ಮಿತಿಯಿಲ್ಲದಂತೆ ಮಾಡಿದರೆ ಬಾಗಿಲು ಮುಚ್ಚಬೇಕಲ್ಲವೇ ಎಂಬುದು ಅವರ ಪ್ರಶ್ನೆ. ಇದನ್ನು ಬರೀ ನೆಪವೆಂದು ತಳ್ಳಿಹಾಕುವುದು ಸರಿಯಲ್ಲ. ಅವರ ಲ್ಯಾಬ್‌ನಲ್ಲಿ ರಕ್ತ ತೆಗೆಯುವ ಕುರ್ಚಿಗೂ ಯಂತ್ರಕ್ಕೂ ನಡುವಿನ ದೂರ ಹತ್ತು ಹೆಜ್ಜೆ. ಬರಿಹೊಟ್ಟೆ ಸಕ್ಕರೆಯ ಮಟ್ಟಿಗೆ, ದಾಖಲೆ ಇಲ್ಲದ ಆ ಹತ್ತು ಹೆಜ್ಜೆ ದಾಖಲೆ ಇರುವ ಹತ್ತು ಕಿಲೋಮೀಟರಿಗಿಂತ ವಾಸಿ.

ವೈದ್ಯರಲ್ಲಿ ಕೆಲವರು ಇನ್ನೊಂದು ಮಾತು ಹೇಳುತ್ತಾರೆ: ನಾವು ಚಿಕಿತ್ಸೆ ಕೊಡುವುದು ರೋಗಿಗೆ, ಕಾಗದಕ್ಕಲ್ಲ, ಸಂಶಯ ಬಂದರೆ ಮತ್ತೆ ಮಾಡಿಸುತ್ತೇವೆ. ಆದರೆ ಸಂಶಯ ಬರುವುದು ಸಂಖ್ಯೆ ವಿಪರೀತವಾಗಿದ್ದಾಗ. 130 ಇದ್ದದ್ದು 108 ಎಂದು ಬಂದಾಗ ಯಾರಿಗೂ ಬರುವುದಿಲ್ಲ.

ಬಿಗಿ ಮಾಡಿದರೆ ಆಗುವುದೇನು

ಮೊದಲ ಪರಿಣಾಮ ಅನಿರೀಕ್ಷಿತ: ರೋಗಿಗಳ ಸಂಖ್ಯೆ ಏರಬಹುದು. ಡಬ್ಲಿನ್‌ನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಸುಮಾರು ನೂರೈವತ್ತು ಗರ್ಭಿಣಿಯರ ರಕ್ತವನ್ನು ಎರಡೆರಡು ಟ್ಯೂಬಿಗೆ ತೆಗೆದು, ಒಂದನ್ನು ಅಲ್ಲಿನ ವಾಡಿಕೆಯಂತೆ, ಇನ್ನೊಂದನ್ನು ಮಂಜುನೀರು ಮತ್ತು ತ್ವರಿತ ಬೇರ್ಪಡಿಸುವಿಕೆಯ ನಿಯಮದಂತೆ ನಿರ್ವಹಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ವಾಡಿಕೆಯ ಟ್ಯೂಬಿನ ಪ್ರಕಾರ ಗರ್ಭಾವಸ್ಥೆಯ ಮಧುಮೇಹ ಇದ್ದವರು ಶೇ 14ರಷ್ಟು. ನಿಯಮದ ಟ್ಯೂಬಿನ ಪ್ರಕಾರ ಶೇ 38ರಷ್ಟು. ಅದೇ ಮಹಿಳೆಯರು, ಅದೇ ದಿನ, ಅದೇ ಯಂತ್ರ. ಇದರರ್ಥ ಮೊದಲು ಅಷ್ಟು ಮಂದಿಗೆ ರೋಗ ತಪ್ಪಿಹೋಗುತ್ತಿತ್ತು ಎಂದೇ? ಅಥವಾ ಕಟ್ಟುನಿಟ್ಟಾದ ಟ್ಯೂಬ್ ಗಡಿಯ ಆಚೀಚೆಯವರನ್ನೂ ರೋಗಿಗಳ ಪಟ್ಟಿಗೆ ಸೇರಿಸಿತೆಂದೇ? ತಜ್ಞರಲ್ಲಿ ಇದಕ್ಕೆ ಒಮ್ಮತವಿಲ್ಲ. ಆದರೆ ಗಡಿರೇಖೆ ನಿಗದಿಯಾದದ್ದು ಕಟ್ಟುನಿಟ್ಟಾಗಿ ನಿರ್ವಹಿಸಿದ ಮಾದರಿಗಳ ಮೇಲೆ. ಸಡಿಲವಾಗಿ ನಿರ್ವಹಿಸಿದ ಮಾದರಿಗೆ ಆ ರೇಖೆ ಹಿಡಿದು ನೋಡುವುದು ಹೊಂದದ ಅಳತೆಗೋಲು ಹಿಡಿದಂತೆ. ಏಕರೂಪದ ನಿಯಮ ಬಂದರೆ ಆಹಾರ ಸಲಹೆ, ಇನ್ಸುಲಿನ್, ಹೆಚ್ಚುವರಿ ತಪಾಸಣೆ ಇವೆಲ್ಲಕ್ಕೆ ಆರೋಗ್ಯ ವ್ಯವಸ್ಥೆ ಸಿದ್ಧವಾಗಿರಬೇಕಾಗುತ್ತದೆ.

ಎರಡನೆಯದು ಇನ್ನೂ ವಿಚಿತ್ರ. ನಿಯಮದ ಭಾರ ಹೊರಲಾರದ ಸಣ್ಣ ಲ್ಯಾಬ್‌ಗಳು ಯಂತ್ರ ಮಾರಿ ದೊಡ್ಡ ಜಾಲದ ಕಲೆಕ್ಷನ್ ಸೆಂಟರ್‌ಗಳಾಗುತ್ತವೆ. ಆಗ ರಕ್ತ ಹತ್ತು ಹೆಜ್ಜೆಯ ಬದಲು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತದೆ. ಪ್ರಯಾಣದ ಹಾನಿಯನ್ನು ತಡೆಯಲು ತಂದ ನಿಯಮವೇ ಪ್ರಯಾಣವನ್ನು ಉದ್ದ ಮಾಡುತ್ತದೆ. ಇದನ್ನು ತಪ್ಪಿಸಲು ಒಂದೇ ಒಂದು ಷರತ್ತು ಬಹುಮಟ್ಟಿಗೆ ಸಾಕು: ರಕ್ತ ತೆಗೆದ ಜಾಗದಲ್ಲೇ ಸೆಂಟ್ರಿಫ್ಯೂಜ್ ಇರಬೇಕು, ಬೇರ್ಪಡಿಸಿದ ಮೇಲೆಯೇ ಟ್ಯೂಬ್ ಹೊರಡಬೇಕು. ಕಣಗಳಿಂದ ಬೇರೆಯಾದ ಪ್ಲಾಸ್ಮಾದಲ್ಲಿ ಸಕ್ಕರೆಯನ್ನು ಬಳಸುವವರೂ ಇಲ್ಲ, ಪೊಟ್ಯಾಸಿಯಂ ಸೋರಿಸುವವರೂ ಇಲ್ಲ. ಮೇಜಿನ ಮೇಲೆ ಕೂರುವ ಸಣ್ಣ ಸೆಂಟ್ರಿಫ್ಯೂಜ್ ಜೀವರಸಾಯನ ಯಂತ್ರದಷ್ಟು ದುಬಾರಿಯಲ್ಲ. ಮನೆಗೆ ಬಂದು ರಕ್ತ ತೆಗೆಯುವ ಸೇವೆಗೆ ಮಾತ್ರ ಈ ಷರತ್ತು ಹೊಂದುವುದಿಲ್ಲ. ಅಲ್ಲಿ ಸಮಯದ ಮಿತಿಯೇ ದಾರಿ. ಒಂದು ಗಂಟೆಯಲ್ಲಿ ಬರುತ್ತೇವೆ ಎನ್ನುವವರು, ತೆಗೆದ ಎಷ್ಟು ಹೊತ್ತಿಗೆ ಬೇರ್ಪಡಿಸುತ್ತೇವೆ ಎಂಬುದನ್ನೂ ಜಾಹೀರಾತಿನಲ್ಲಿ ಹೇಳಲಿ.

ಸರ್ಕಾರಿ ವ್ಯವಸ್ಥೆಗೂ ಇದು ಅನ್ವಯ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಉಚಿತ ರೋಗಪತ್ತೆ ಸೇವೆ ಉಪಕೇಂದ್ರದಲ್ಲಿ 14, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 63 ಪರೀಕ್ಷೆಗಳ ಗುರಿ ಇಟ್ಟಿದೆ. ಎಲ್ಲವನ್ನೂ ಅಲ್ಲಿಯೇ ಮಾಡಲಾಗದ್ದರಿಂದ ಮಾದರಿಗಳು ಮೇಲಿನ ಕೇಂದ್ರಕ್ಕೆ ಹೋಗುತ್ತವೆ. ಇದಕ್ಕೆ ಪ್ರತಿಯಾಗಿ ಗರ್ಭಿಣಿಯರ ಸಕ್ಕರೆ ಪರೀಕ್ಷೆಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆರಿಸಿದ ದಾರಿ ಬೇರೆ: 75 ಗ್ರಾಂ ಗ್ಲುಕೋಸ್ ಕುಡಿಸಿ, ಎರಡು ಗಂಟೆಯ ಬಳಿಕ ಪ್ಲಾಸ್ಮಾಗೆ ಹೊಂದಿಸಿದ ಗ್ಲುಕೋಮೀಟರ್‌ನಲ್ಲಿ ಅಲ್ಲಿಯೇ ನೋಡುವುದು, 140 ಅಥವಾ ಹೆಚ್ಚಿದ್ದರೆ ಮಧುಮೇಹವೆಂದು ಪರಿಗಣಿಸುವುದು. ಗ್ಲುಕೋಮೀಟರ್ ಲ್ಯಾಬ್ ಯಂತ್ರದಷ್ಟು ನಿಖರವಲ್ಲ ಎಂಬ ಟೀಕೆ ಇದೆ, ಟೀಕೆಯಲ್ಲಿ ಹುರುಳೂ ಇದೆ. ಆದರೆ ಬೆರಳಿನಿಂದ ಬಂದ ಹನಿಗೆ ಪ್ರಯಾಣವೇ ಇಲ್ಲ. ನಾಲ್ಕು ಗಂಟೆ ಜೀಪಿನಲ್ಲಿ ಕಾದ ಟ್ಯೂಬಿನ ಎದುರು ಅದು ಸೋಲಲೇಬೇಕೆಂದಿಲ್ಲ.

ಮೊದಲು ಗಡಿಯಾರ

ಎಲ್ಲರೂ ಒಂದೇ ರೀತಿ ಮಾಡಲಿ ಎಂದು ಕಾಯುವ ಬದಲು, ಮಾಡಿದ್ದನ್ನು ಮೊದಲು ಬರೆದಿಡಿ ಎಂಬ ನಿಲುವೂ ಒಂದಿದೆ. ಸಂಶೋಧನೆಗೆ ರಕ್ತ, ಅಂಗಾಂಶ ಕೂಡಿಡುವ ಬಯೋಬ್ಯಾಂಕ್‌ಗಳು 2010ರ ಸುಮಾರಿಗೆ ಸ್ಪ್ರೆಕ್ ಎಂಬ ಏಳು ಅಂಶಗಳ ಸಂಕೇತ ರೂಪಿಸಿಕೊಂಡವು. ಯಾವ ಟ್ಯೂಬ್, ಬೇರ್ಪಡಿಸುವ ಮೊದಲು ಎಷ್ಟು ಹೊತ್ತು, ಎಷ್ಟು ಉಷ್ಣಾಂಶದಲ್ಲಿ, ಎಷ್ಟು ವೇಗದಲ್ಲಿ ತಿರುಗಿಸಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಓದಿದವರು ಮಾದರಿ ತಮ್ಮ ಕೆಲಸಕ್ಕೆ ಆಗುತ್ತದೋ ಇಲ್ಲವೋ ನಿರ್ಧರಿಸುತ್ತಾರೆ.

ಆಸ್ಪತ್ರೆಯ ವರದಿಗೆ ಏಳೂ ಬೇಕಿಲ್ಲ, ಮೂರು ಸಾಕು ಎಂಬುದು ಈ ಲೇಖಕನ ಅಭಿಪ್ರಾಯ: ರಕ್ತ ತೆಗೆದ ಸಮಯ, ಬೇರ್ಪಡಿಸಿದ ಸಮಯ, ಮತ್ತು ಕಣಗಳು ಒಡೆದಿವೆಯೇ ಎಂಬ ಸೂಚ್ಯಂಕ. ಮೊದಲನೆಯದನ್ನು ಐಎಸ್‌ಒ 15189 ಈಗಾಗಲೇ ಕೇಳುತ್ತದೆ. ಆದರೆ ಬಿಲ್ ಮಾಡಿದ ಗಳಿಗೆಯನ್ನೇ ಸಾಫ್ಟ್‌ವೇರ್ ರಕ್ತ ತೆಗೆದ ಗಳಿಗೆಯೆಂದು ದಾಖಲಿಸುವುದು ಉಂಟು, ಹಾಗಾದರೆ ಅದರಿಂದ ಉಪಯೋಗವಿಲ್ಲ. ಸೂಜಿ ಚುಚ್ಚಿದವರೇ ಟ್ಯೂಬಿನ ಬಾರ್‌ಕೋಡ್‌ಗೆ ಮೊಬೈಲ್ ಹಿಡಿದರೆ ಸಮಯ ತಾನಾಗಿ ದಾಖಲಾಗುತ್ತದೆ. ಮೂರನೆಯದಂತೂ ಇನ್ನೂ ಸುಲಭ. ದೊಡ್ಡ ಲ್ಯಾಬ್‌ಗಳ ಜೀವರಸಾಯನ ಯಂತ್ರಗಳು ದ್ರವದ ಬಣ್ಣ ನೋಡಿ ಆ ಸೂಚ್ಯಂಕವನ್ನು ಪ್ರತಿ ಮಾದರಿಗೂ ಲೆಕ್ಕ ಹಾಕುತ್ತಲೇ ಇವೆ. ಅದು ಯಂತ್ರದ ಪರದೆಯಿಂದ ವರದಿಯ ಕಾಗದಕ್ಕೆ ಬಂದಿಲ್ಲ, ಅಷ್ಟೇ. ಕೆಪಿಎಂಇ ನಿಯಮಗಳಿಗೆ ಈ ಮೂರು ಸಾಲು ಸೇರಿಸಲು ಐಎಸ್‌ಒ ಪ್ರಮಾಣಪತ್ರದ ಶುಲ್ಕ ಯಾರೂ ಕಟ್ಟಬೇಕಾಗಿಲ್ಲ, ಯಾವ ಸಣ್ಣ ಲ್ಯಾಬ್ ಬಾಗಿಲು ಮುಚ್ಚಬೇಕಾಗಿಯೂ ಇಲ್ಲ. ಸೂಚ್ಯಂಕ ಕೊಡದ ಹಳೆಯ ಯಂತ್ರವಿರುವಲ್ಲಿ ತಂತ್ರಜ್ಞರು ಸೀರಮ್‌ನ ಬಣ್ಣ ನೋಡಿ ‘ಕೆಂಪಾಗಿದೆ’ ಎಂದು ಬರೆದರೂ ಸದ್ಯಕ್ಕೆ ನಡೆಯುತ್ತದೆ.